ಹಾರದೆ ಮರಳಿದ ರಾಕೆಟ್

ವೇದಿಕೆಯ ಮೇಲಿರುವ ಮಾನ್ಯ ಕುಲಪತಿಗಳೇ, ನಮ್ಮ ರಾಕೆಟ್ ತಂಡದ ಗದ್ದಲವನ್ನು ಇಷ್ಟು ವರ್ಷ ಸಹಿಸಿಕೊಂಡ ವಿಭಾಗದ ಮುಖ್ಯಸ್ಥರೇ, ಗುರುಗಳೇ, ಗೆಳೆಯರೇ, ಹಿಂದಿನ ಸಾಲುಗಳಲ್ಲಿ ಕುಳಿತು ಊಟದ ಕರೆಗಾಗಿ ಕಾಯುತ್ತಿರುವ ಆತ್ಮೀಯ ಸಭಿಕರೇ,

ಈ ಬೀಳ್ಕೊಡುಗೆ ಸಮಾರಂಭದಲ್ಲಿ ನನ್ನನ್ನು ಮಾತಿಗೆ ಕರೆದದ್ದು ನನಗೇ ಆಶ್ಚರ್ಯ. ತಂಡದಲ್ಲಿ ನನಗೆ ‘ಬೇಡಕ್ಕ’ ಎಂದು ಹೆಸರಿಟ್ಟಿದ್ದಾರೆ. ಸುರಕ್ಷತೆಯ ಹೊಣೆ ನನ್ನದಾಗಿತ್ತು. ಅಂಟು ಒಣಗುವ ಮೊದಲೇ ರೆಕ್ಕೆ ಮುಟ್ಟಲು ಬಂದವರಿಗೆ ಬೇಡ ಎಂದವಳು ನಾನು. ಸಿಡಿಮದ್ದಿನ ಡಬ್ಬಿಯ ಪಕ್ಕದಲ್ಲೇ ಬ್ರೆಡ್ ಸುಡಲು ಹೊರಟವರಿಗೆ ಬೇಡ ಎಂದವಳೂ ನಾನೇ. ಆ ಮಹಾಶಯರು ಇಲ್ಲೇ ಮುಂದೆ ಕುಳಿತಿದ್ದಾರೆ. ಹೆಸರು ಹೇಳುವುದು ಬೇಡ.

ನಮ್ಮ ರಾಕೆಟ್ ಪಟಾಕಿ ಅಂಗಡಿಯದಲ್ಲ. ಅದನ್ನು ಇಬ್ಬರು ಹೆಗಲ ಮೇಲೆ ಹೊತ್ತು ತರಬೇಕು. ಅದು ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಹೋದ ಮೇಲೆ, ತಲೆಯಲ್ಲಿರುವ ಪುಟ್ಟ ಸರ್ಕ್ಯೂಟ್ ಒಂದು ಚಿಟಿಕೆ ಮದ್ದನ್ನು ಸಿಡಿಸಿ ಪ್ಯಾರಾಚೂಟನ್ನು ಹೊರಗೆ ದೂಡಬೇಕು. ದೂಡದಿದ್ದರೆ? ರಾಕೆಟ್ ಭರ್ಜಿಯಂತೆ ನೆಟ್ಟಗೆ ಕೆಳಗೆ ಬರುತ್ತದೆ. ಕೆಳಗೆ ಯಾರಿರುತ್ತಾರೆ? ನಾವೇ ಇರುತ್ತೇವೆ, ಸ್ವಾಮಿ.

ಕಳೆದ ವರ್ಷದ ಸ್ಪರ್ಧೆಯ ಮಾತು. ಬಯಲಿನಲ್ಲಿ ರಾಕೆಟ್ಟನ್ನು ಉಡಾವಣೆಯ ಕಂಬಿಗೆ ಆನಿಸಿ ನಿಲ್ಲಿಸಿ ಸ್ವಿಚ್ ಹಾಕಿದೆವು. ಎಲ್ಲ ಸರಿಯಿದ್ದರೆ ಆ ಸರ್ಕ್ಯೂಟ್ ಮೂರು ಸಲ ಒಂದೇ ಸಮನೆ ಬೀಪ್ ಎನ್ನಬೇಕು. ಅವತ್ತು ಮೂರನೆಯ ಬೀಪ್ ತಡವರಿಸಿತು. ಆರಿಸಿ ಮತ್ತೆ ಹಾಕಿದೆವು. ಈ ಸಲ ಸರಿಯಾಗಿ ಬಂತು.

“ನೋಡಿದ್ಯಾ, ಸರಿ ಇದೆ. ಏನೂ ಆಗಲ್ಲ,” ಎಂದ ನಮ್ಮ ಕ್ಯಾಪ್ಟನ್. ಅವನಿಗೆ ಅದು ಕೊನೆಯ ವರ್ಷ.

ಬಯಲಿನ ತೀರ್ಪುಗಾರರು ಬಂದು, “ಸುರಕ್ಷತೆ ಯಾರದು?” ಎಂದು ಕೇಳಿದರು.

“ನಂದು ಸರ್.”

“ಏನಂತೀರಿ?”

“ಬೇಡ,” ಎಂದೆ.

ಬಿಚ್ಚಿ ನೋಡುವಷ್ಟರಲ್ಲಿ ನಮ್ಮ ಸರದಿ ಹೋಯಿತು. ಆಮೇಲೆ ಗಾಳಿ ಎದ್ದಿತು, ಸ್ಪರ್ಧೆಯನ್ನೇ ನಿಲ್ಲಿಸಿದರು. ಹೊತ್ತುಕೊಂಡು ಹೋದ ರಾಕೆಟ್ಟನ್ನು ಹಾಗೆಯೇ ಹೊತ್ತುಕೊಂಡು ಬಂದೆವು. ವ್ಯಾನಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಅವರು ಕೆಟ್ಟವರೆಂದಲ್ಲ, ಏನು ಮಾತಾಡುವುದೆಂದು ಅವರಿಗೆ ತೋಚಲಿಲ್ಲ.

ನಾನು ಇಲ್ಲಿ ಅಪ್ಪನ ಕತೆ ಹೇಳಲು ಬಂದವಳಲ್ಲ. ಆದರೂ ಒಂದು ಮಾತು. ನಮ್ಮಪ್ಪ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಒಂದು ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ನಡುಗುತ್ತಿದೆ ಎಂದು ಹೇಳಿದರಂತೆ. “ಏನೂ ಆಗಲ್ಲ, ನಡೀಲಿ,” ಎಂದರಂತೆ ಎಲ್ಲರೂ. ಉಗಿ ಅವರ ಎಡಗಣ್ಣನ್ನು ತೆಗೆದುಕೊಂಡಿತು. ಆಗ ನಾನು ಶಾಲೆಯಲ್ಲಿದ್ದೆ. ಬಹಳ ದಿನ ಅಪ್ಪನ ಎಡಗಡೆ ಕೂರಲು ಹೆದರುತ್ತಿದ್ದೆ. ಇರಲಿ. ಇದನ್ನೆಲ್ಲ ಹೇಳಬೇಕೆಂದುಕೊಂಡಿರಲಿಲ್ಲ.

ವರ್ಕ್‌ಶಾಪಿಗೆ ಬಂದು ಸರ್ಕ್ಯೂಟನ್ನು ಬಿಚ್ಚಿದೆವು. ಬಿಸಿ ಮಾಡಿದೆವು, ಐಸ್ ಪೆಟ್ಟಿಗೆಯಲ್ಲಿಟ್ಟೆವು, ಅಲುಗಾಡಿಸಿದೆವು. ದೋಷ ಸಿಕ್ಕಿತೇ? ಸಿಗಲಿಲ್ಲ. ಒಂದೇ ಒಂದು ಸಲವೂ ಅದು ತಡವರಿಸಲಿಲ್ಲ. ಎಲ್ಲರೂ ಹೋದ ಮೇಲೆ, ಅಪ್ಪನ ಕಣ್ಣಿನ ವಿಷಯ ಗೊತ್ತಿದ್ದ ಕ್ಯಾಪ್ಟನ್ ಸ್ಕ್ರೂಡ್ರೈವರ್ ಕೆಳಗಿಟ್ಟು ಮೆಲ್ಲಗೆ ಕೇಳಿದ: “ನಿಜ ಹೇಳು. ಅವತ್ತು ನಿಂಗೆ ರಾಕೆಟ್ ಕಾಣಿಸ್ತಾ, ನಿಮ್ಮಪ್ಪ ಕಾಣಿಸಿದ್ರಾ?”

ಸಭಿಕರೇ, ಇವತ್ತಿಗೂ ಅದಕ್ಕೆ ಉತ್ತರ ನನ್ನಲ್ಲಿಲ್ಲ.

ತಂಡ ಬಿಡುತ್ತೇನೆಂದು ಮನೆಯಲ್ಲಿ ಹೇಳಿದೆ. ಅಪ್ಪ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದರು.

“ಯಾಕಮ್ಮ? ಬೈದ್ರಾ?”

“ಬೈದಿದ್ರೆ ಚೆನ್ನಾಗಿತ್ತಪ್ಪ. ನಾನು ನಿಮ್ಮನ್ನ ನೆನೆಸ್ಕೊಂಡು ಹೆದರಿಬಿಟ್ಟೆ ಅಂತಾರೆ.”

ಅಪ್ಪ ಕೊನೆಯ ಗುಂಡಿಯನ್ನೂ ಹಾಕಿಕೊಂಡರು. “ಹೆದರಿದ್ರೆ ಹೆದರಿದೆ, ಏನೀಗ? ಆದ್ರೆ ಬರೀ ಬೇಡ ಅಂದ್ರೆ ಯಾರು ಕೇಳ್ತಾರೆ? ನಂದೂ ಹಾಗೇ ಆಯ್ತಲ್ಲ. ಮುಳ್ಳು ನಡುಗ್ತಿದೆ ಅಂದೆ, ಯಾಕೆ ಅಂತ ಹೇಳೋಕೆ ಬರಲಿಲ್ಲ. ನೀನು ಓದ್ತಿದ್ದೀಯ. ಹೋಗಿ ಯಾಕೆ ಅನ್ನೋದನ್ನ ಕಲಿ,” ಎಂದರು.

ಮರುದಿನವೇ ವಾಪಸು ಹೋದೆ. ಆ ವರ್ಷವೆಲ್ಲ ನಾನು ಮಾಡಿದ್ದು ಅದೊಂದೇ ಕೆಲಸ. ತಲೆಯೊಳಗೆ ಒಂದರ ಬದಲು ಎರಡು ಸರ್ಕ್ಯೂಟ್ ಇಟ್ಟೆವು. ಹಳೆಯದೂ ಇರಲಿ, ಅದರ ಜೊತೆ ಹೊಸದೂ ಇರಲಿ. ಎರಡಕ್ಕೂ ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ಮದ್ದು. ಬೀಪ್ ಎಷ್ಟು ತಡವಾದರೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿದೆವು. ಬಯಲಿನಲ್ಲಿ ನಿಂತು ಜಗಳವಾಡುವಂತಿರಬಾರದು. ಮೈದಾನದಲ್ಲಿ ಮದ್ದು ಸಿಡಿಸಿ ಸಿಡಿಸಿ, ಪಕ್ಕದ ಗ್ರಂಥಾಲಯದವರಿಂದ ಬೈಸಿಕೊಂಡು ಬೈಸಿಕೊಂಡು, ಕೊನೆಗೆ ಅವರೇ “ಇವತ್ತು ಸಿಡಿಸಲ್ವೇನಮ್ಮ?” ಎಂದು ವಿಚಾರಿಸುವಷ್ಟು ಸ್ನೇಹವಾಯಿತು.

ಈ ವರ್ಷ ಅದೇ ಬಯಲು, ಅದೇ ತೀರ್ಪುಗಾರರು. ಎರಡೂ ಸರ್ಕ್ಯೂಟ್‌ಗಳು ತಪ್ಪಿಲ್ಲದೆ ಕೂಗಿದವು. “ಏನಂತೀರಿ?” ಎಂದರು. ಬೇಡ ಎನ್ನುವುದು ಕಷ್ಟವೆಂದುಕೊಂಡಿದ್ದೆ. ಸರಿ ಎನ್ನುವುದು ಅದಕ್ಕಿಂತ ಕಷ್ಟ, ಸಭಿಕರೇ! “ಹೂಂ ಸರ್, ಬಿಡಿ,” ಎಂದೆ.

ಹೋಯಿತು. ಸದ್ದು ಎದೆಗೆ ಬಡಿಯುವ ಹೊತ್ತಿಗೆ ರಾಕೆಟ್ ಕಂಬಿಯ ಮೇಲಿರಲೇ ಇಲ್ಲ. ಒಂದು ಬಿಳಿ ಗೆರೆ, ಆಮೇಲೆ ಅದೂ ಇಲ್ಲ, ಬರೀ ಆಕಾಶ. ನಾವೆಲ್ಲ ಕತ್ತೆತ್ತಿ ನಿಂತೆವು. ಎಷ್ಟೋ ಹೊತ್ತಾದಂತಾಯಿತು. ಆಮೇಲೆ ಯಾರೋ ಕಿರುಚಿದರು. ಕಿತ್ತಳೆ ಬಣ್ಣದ ಪ್ಯಾರಾಚೂಟ್ ಅರಳಿತ್ತು. ಕಿರುಚಿದವಳು ನಾನೇ ಎಂದು ಆಮೇಲೆ ಹೇಳಿದರು.

ನಮಗೆ ಬಂದದ್ದು ನಾಲ್ಕನೆಯ ಸ್ಥಾನ. ವೇದಿಕೆಯಲ್ಲಿ ಕಪ್ ಯಾಕಿಲ್ಲ ಎಂದು ಹುಡುಕಬೇಡಿ. ಅವತ್ತು ರಾಕೆಟ್ ಇಳಿದ ಜಾಗಕ್ಕೆ ಓಡಿ ಅದರ ತಲೆಯನ್ನು ಬಿಚ್ಚಿ ನೋಡಿದೆ. ಎರಡು ಮದ್ದೂ ಸಿಡಿದಿದ್ದವು. ಹಳೆಯ ಸರ್ಕ್ಯೂಟ್ ಅಚ್ಚುಕಟ್ಟಾಗಿ ತನ್ನ ಕೆಲಸ ಮಾಡಿತ್ತು.

ದೂರದಲ್ಲಿ ಕೆಲಸದಲ್ಲಿರುವ ಕ್ಯಾಪ್ಟನ್‌ಗೆ ಫೋನ್ ಮಾಡಿ, ಅದನ್ನೂ ಮುಚ್ಚಿಡದೆ ಹೇಳಿದೆ.

“ಹಾಗಾದ್ರೆ ಅವತ್ತು ಬಿಡಬಹುದಿತ್ತು.”

“ಬಿಡಬಹುದಿತ್ತೇನೋ.”

“ಮತ್ತೆ ಅದೇ ಥರ ತಡವರಿಸಿದ್ರೆ ಏನ್ ಮಾಡ್ತೀಯ?”

“ಕಂಬಿಯಿಂದ ಇಳಿಸ್ತೀನಿ. ಈ ಸಲ ಯಾಕೆ ಅಂತಾನೂ ಹೇಳ್ತೀನಿ.”

ಅವನು ನಕ್ಕ. “ಆಯ್ತು ತಾಯಿ. ನಾನಿದ್ದಿದ್ರೆ ಮತ್ತೆ ಜಗಳ ಆಡ್ತಿದ್ದೆ. ಆಮೇಲೆ ಬಂದು ಇಳಿಸೋಕೆ ಕೈ ಹಾಕ್ತಿದ್ದೆ.”

ನಾಳೆಯಿಂದ ನನ್ನ ಜಾಗಕ್ಕೆ ಎರಡನೇ ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಾಳೆ. ಅವಳೊಂದಿಗೆ ಜಗಳವಾಡಿ, ನನ್ನ ಅಭ್ಯಂತರವಿಲ್ಲ. ಆದರೆ ವ್ಯಾನಿನಲ್ಲಿ ಅವಳ ಪಕ್ಕ ಯಾರಾದರೂ ಕೂತುಕೊಳ್ಳಿ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮಗೆಲ್ಲ ನಾನು ಋಣಿ. ವಂದನೆಗಳು, ನಮಸ್ಕಾರ.