ಗೋದಾಮಿನ ಗೋಡೆಯ ಬುಡದ ಗಿಡಗಳು ಒಣಗಿದ ಬಗ್ಗೆ ಟೈಲರಕ್ಕನ ಎರಡನೇ ಹೇಳಿಕೆ

ಬೀದಿಯಲ್ಲಿ ಟೈಲರಕ್ಕ ಎಂದು ಕರೆಯಲ್ಪಡುವ ನಾನು, ವಯಸ್ಸು 49, ಕೆಲಸ ಹೆಂಗಸರ ಬಟ್ಟೆ ಹೊಲಿಗೆ, ವಾಸ ಹಳೆಯ ಗೋದಾಮಿನ ಎದುರು ಸಾಲಿನ ಮೂರನೇ ಮನೆ, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಸದರಿ ಗೋದಾಮಿನ ಗೋಡೆಯ ಬುಡದಲ್ಲಿ ಮೊದಲು ಕಸದ ರಾಶಿ ಇತ್ತು. ಬೀದಿಯವರೇ ಸೇರಿ ಕಸ ತೆಗೆದು, ಹೆಚ್ಚು ನೀರು ಬೇಡದ ಗಿಡಗಳನ್ನು ನೆಟ್ಟೆವು. ಚಿತ್ರ ಬರೆಯುವ ಹುಡುಗಿಯೊಬ್ಬಳು ಗೋಡೆಯ ಮೇಲೆ ಬೀದಿಯ ಜನರನ್ನೇ ಆಳೆತ್ತರಕ್ಕೆ ಬರೆದಳು. ನನ್ನ ಅತ್ತೆಯವರ ಚಿತ್ರವೂ ನಮ್ಮ ಪಕ್ಕದ ಬ್ಯಾಟರಿ ಅಂಗಡಿಯವರ ಚಿತ್ರವೂ ಅಕ್ಕಪಕ್ಕ ಬಂದವು. ಅತ್ತೆಯವರಿಗೆ 78 ವರ್ಷ, ಕಾಲು ಊದುತ್ತದೆ. "ನನ್ನ ಮೂಗು ಇಷ್ಟು ದಪ್ಪನೇನೇ?" ಎಂದು ಅವರು ಆ ಹುಡುಗಿಯ ಮೇಲೆ ಜಗಳಕ್ಕೆ ಹೋದರೂ, ಅಂದಿನಿಂದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದರು.

ಬೀದಿಯಲ್ಲಿ ನೀರಿನ ತಾಪತ್ರಯ ಇರುವುದರಿಂದ, ಮನೆಯಲ್ಲಿ ಬಳಸಿದ ನೀರನ್ನು ಚೆಲ್ಲದೆ ಗಿಡಕ್ಕೆ ಹಾಕಬೇಕು, ಸೋಪಿನ ನೀರು ಮಾತ್ರ ಬೇಡ ಎಂದು ಮನೆಮನೆಗೆ ಹೋಗಿ ಹೇಳಿದವಳು ನಾನೇ. ಗಿಡ ಉಳಿಯದಿದ್ದರೆ ಜಾಗ ವಾಪಸ್ ಪಡೆಯುವುದಾಗಿ ನಗರಸಭೆಯವರು ತಿಳಿಸಿದ್ದರು.

ಬ್ಯಾಟರಿ ಅಂಗಡಿಯವರಿಗೆ ಈ ಕೆಲಸ ಮೊದಲಿನಿಂದ ಹಿಡಿಸಿರಲಿಲ್ಲ. ಗಿರಾಕಿಗಳ ಗಾಡಿ ನಿಲ್ಲುತ್ತಿದ್ದ ಜಾಗ ಹೋಯಿತೆಂದು, "ಮೇಕೆ ಸಾಕೋ ಪ್ಲಾನ್ ಇದೆಯಾ ಅಕ್ಕಾ?" ಎಂದು ಕೇಳಿ ನಕ್ಕಿದ್ದರು. ಎಲ್ಲದಕ್ಕೂ ಬಾಯಿ ತುಂಬ ನಗುವವರನ್ನು ನಾನು ನಂಬುವುದಿಲ್ಲ.

ಕಳೆದ ತಿಂಗಳು, ಆ ಎರಡು ಚಿತ್ರಗಳ ಕೆಳಗಿನ ಗಿಡಗಳಲ್ಲಿ ಎಲೆಯ ಅಂಚು ಸುಟ್ಟಂತಾಯಿತು. ಉಳಿದವು ಹಸಿರಾಗಿಯೇ ಇದ್ದವು. ಬ್ಯಾಟರಿಗೆ ಆಸಿಡ್ ಬಳಸುತ್ತಾರೆಂಬುದು ಎಲ್ಲರಿಗೂ ಗೊತ್ತು. ನನ್ನ ತಲೆಗೆ ಅನುಮಾನದ ಹುಳ ಹೊಕ್ಕಿತು. ಹೊಲಿಗೆ ಮೆಷಿನ್ನನ್ನು ಕಿಟಕಿಗೆ ಎಳೆದುಕೊಂಡು ಬ್ಯಾಟರಿ ಅಂಗಡಿಯವರ ಮೇಲೆ ಕಣ್ಣಿಟ್ಟೆ. ಅವರು ಕೆಮ್ಮಿದರೂ ಯಾರಿಗೋ ಸನ್ನೆ ಎನಿಸುತ್ತಿತ್ತು. ಒಂದು ದಿನ ಅವರು ಸತ್ತ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಮೂಸಿ ನೋಡಿದ್ದನ್ನು ನಾನೂ ಅತ್ತೆಯವರೂ ಕಂಡೆವು. "ನೋಡೇ, ಸರಿಯಾಗಿ ಸತ್ತಿದೆಯಾ ಅಂತ ನೋಡ್ತಿದ್ದಾನೆ, ಪಾಪಿ" ಎಂದು ಅತ್ತೆಯವರು ಹೇಳಿದರು. ನನಗೂ ಹಾಗೆಯೇ ಅನಿಸಿತು.

ಕಳೆದ ವಾರ ನಾನು ಆ ಹುಡುಗಿಯನ್ನು ಕರೆಸಿ, ಚಿತ್ರದಲ್ಲಿ ಬ್ಯಾಟರಿ ಅಂಗಡಿಯವರ ಕೈಗೆ ಒಂದು ಕಪ್ಪು ಆಸಿಡ್ ಡಬ್ಬ ಬರೆಯಲು ಹೇಳಿದೆ. ಅವರು ಆಸಿಡ್ ಹಾಕಿದ್ದನ್ನು ಯಾರಾದರೂ ನೋಡಿದ್ದಾರೆಯೇ ಎಂದು ಅವಳು ಕೇಳಿದಳು. ನೋಡುವುದೇನಿದೆ, ಗಿಡವೇ ಹೇಳುತ್ತಿದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಮಾರನೇ ದಿನದಿಂದ ಜನ ಅವರನ್ನು 'ಆಸಿಡ್' ಎಂದು ಕರೆಯತೊಡಗಿದರು. ಅವರ ಮಗಳು ಹಿಂದಿನ ಬೀದಿಯಿಂದ ಸುತ್ತು ಹಾಕಿ ಶಾಲೆಗೆ ಹೋಗತೊಡಗಿದಳು. ತಪ್ಪು ಮಾಡಿದ ಮನೆಯವರು ಹೀಗೆಯೇ ತಲೆಮರೆಸಿಕೊಳ್ಳುತ್ತಾರೆ ಎಂದುಕೊಂಡೆ. ನಿನ್ನೆ ಬಂದು ಅವರ ಮೇಲೆ ದೂರು ಕೊಟ್ಟೆ. ಇಂದು ಹತ್ತು ಗಂಟೆಗೆ ನನ್ನನ್ನೂ ಅವರನ್ನೂ ಠಾಣೆಗೆ ಬರಲು ಹೇಳಿದ್ದರು.

ಇಂದು ಬೆಳಿಗ್ಗೆ ಐದೂವರೆಗೆ, ಅವರನ್ನು ಕೈಯಾರೆ ಹಿಡಿಯಬೇಕೆಂದು ಕಿಟಕಿಯ ಪರದೆ ಹಿಂದೆ ನಿಂತೆ. ಬ್ಯಾಟರಿ ಅಂಗಡಿಯ ಬಾಗಿಲು ಮುಚ್ಚಿತ್ತು. ತೆರೆದದ್ದು ನಮ್ಮ ಮನೆಯ ಬಾಗಿಲು. ಅತ್ತೆಯವರು ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಟಬ್ ಹಿಡಿದು, ಸುಮಾರು ಇಪ್ಪತ್ತು ಅಡಿಯ ರಸ್ತೆಯನ್ನು ನಡುವೆ ನಿಂತು ನಿಂತು ದಾಟಿದರು. ತಮ್ಮ ಚಿತ್ರದ ಕೆಳಗಿನ ಗಿಡಗಳಿಗೆ ನೀರು ಹಾಕಿ, ಮಿಕ್ಕಿದ್ದನ್ನು ಪಕ್ಕದವರ ಚಿತ್ರದ ಗಿಡಗಳಿಗೂ ಹಾಕಿದರು. ಡಾಕ್ಟರು ಹೇಳಿದ ಮೇರೆಗೆ ಅವರು ದಿನಾ ಮಲಗುವ ಮೊದಲು ಉಪ್ಪಿನ ಬಿಸಿನೀರಿನಲ್ಲಿ ಕಾಲಿಡುತ್ತಾರೆ. ಉಪ್ಪು ಬೆರೆಸಿಕೊಡುವವಳು ನಾನು, ಎರಡು ಹಿಡಿ. ಆ ನೀರು ಬಚ್ಚಲಿಗೆ ಹೋಗುತ್ತಿದೆ ಎಂದೇ ನಂಬಿದ್ದೆ.

ಒಳಗೆ ಬಂದ ಅತ್ತೆಯವರು, "ಎದ್ದುಬಿಟ್ಯಾ? ಒಂದು ತೊಟ್ಟೂ ಚೆಲ್ಲಿಲ್ಲ ಕಣೇ. ಒಣಗ್ತಿದೆ ಅಂತ ಈಗ ಟಬ್ ಪೂರ್ತಿ ಹಾಕ್ತಿದ್ದೀನಿ. ಅವನು ಸುಡ್ಲಿ, ನಾನು ಉಳಿಸ್ಕೊಳ್ತೀನಿ" ಎಂದರು. ಅವರ ಕೈಯಿಂದ ಟಬ್ ತೆಗೆದುಕೊಂಡು ಕುರ್ಚಿಯಲ್ಲಿ ಕೂರಿಸಿದೆ.

ಎಂಟು ಗಂಟೆಗೆ ಬ್ಯಾಟರಿ ಅಂಗಡಿಗೆ ಹೋಗಿ, ಇದ್ದದ್ದು ಇದ್ದಂತೆ ಹೇಳಿ ಕೈಮುಗಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಈ ಸಲ ನಗಲಿಲ್ಲ. "ಮೊದ್ಲು ಆ ಡಬ್ಬ ಅಳಿಸಿ. ನನ್ನ ಮಗಳು ಈ ಬೀದೀಲೇ ನಡೀಬೇಕು" ಎಂದರು. ಆ ಹುಡುಗಿಯನ್ನು ಕರೆಸಿ ಅವರೆದುರೇ ಅಳಿಸಿದ್ದಾಯಿತು. ಗಿಡಕ್ಕೆ ಉಪ್ಪುನೀರು ಹಾಕಿದವಳು ನಾನೇ ಎಂದು ಬೀದಿಯವರ ಮುಂದೆ ಹೇಳುತ್ತೇನೆ ಎಂದೆ. ಅವರು, "ಅಜ್ಜಿ ಹೆಸರು ನನ್ನ ಬಾಯಲ್ಲಿ ಬರಲ್ಲ. ನಿಮ್ಮನ್ನ ಮಾತ್ರ ನಾನು ಸುಲಭಕ್ಕೆ ಬಿಡಲ್ಲ ಅಕ್ಕಾ" ಎಂದರು. ಅದು ನ್ಯಾಯವೇ.

ಆದ್ದರಿಂದ ಅವರ ಮೇಲಿನ ದೂರನ್ನು ವಾಪಸ್ ಪಡೆಯುತ್ತಿದ್ದೇನೆ. ಅವರನ್ನು ವಿಚಾರಣೆಗೆ ಕೂರಿಸಬಾರದೆಂದು ಕೋರುತ್ತೇನೆ. ಅತ್ತೆಯವರು ಇದಾವುದನ್ನೂ ಅರಿಯದೆ, ಅಂಗಡಿಯವರ ವಿರುದ್ಧ ಸಾಕ್ಷಿ ಹೇಳಲು ಒಳ್ಳೆಯ ಸೀರೆ ಉಟ್ಟು ನನ್ನ ಜೊತೆ ಬಂದಿದ್ದು, ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಕರೆಯುವುದು ತಡವಾಯಿತೆಂದು ಈಗಾಗಲೇ ಎರಡು ಸಲ ಒಳಗೆ ಇಣುಕಿದ್ದಾರೆ.

ಬೀದಿಯಲ್ಲಿ ನಾನು ಹೇಳಲಿರುವುದು ಬೇರೆ; ಇಲ್ಲಿ ಬರೆಸಿರುವುದು ಮಾತ್ರ ನಡೆದದ್ದು. ಇದನ್ನು ನನಗೆ ಓದಿ ಹೇಳುವಾಗ ಬಾಗಿಲು ಮುಚ್ಚಿಕೊಂಡು ಮೆಲ್ಲಗೆ ಓದಬೇಕೆಂದು ಕೇಳಿಕೊಂಡೆ. ಹಾಗೆಯೇ ಓದಿದರು. ಸರಿಯಾಗಿದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಒಳಕೋಣೆ
ದಿನ: ಮಂಗಳವಾರ, ಬೆಳಿಗ್ಗೆ
(ಸಹಿ) ಟೈಲರಕ್ಕ