ಆಡು ತರ್ರಿ ಅಂದಿದ್ದು

...ನಗಬ್ಯಾಡ ಕಣೋ ಅವಳನ್ನ ನೋಡಿ. ಪುಟ್ಟಿ ಹಣ್ಣಿಗೆ ಅಣ್ಣು ಅಂದ್ಲು, ಅಷ್ಟೇ ತಾನೆ? ಈ ನಿಮ್ಮಜ್ಜ, ಮೇಷ್ಟ್ರಾಗಿ ರಿಟೈರ್ ಆದೋನು, ಕೆಲ್ಸಕ್ಕೆ ಸೇರೋವಾಗ್ಲೂ ಆಲು, ಅಣ್ಣು, ಊವು ಅಂತಿದ್ದೋನೇ. ಬಾರವ್ವ, ಇಲ್ಲಿ ಕೂತ್ಕ. ಅವನೂ ಕೇಳ್ಲಿ.

ನಾನು ಸೂಳೆಕೆರೆ ಕಡೆಯೋನು, ಗೊತ್ತಲ್ಲ. ಮೊದ್ಲ ಕೆಲ್ಸ ಸಿಕ್ಕಿದ್ದು ಜಗಳೂರು ತಾಲೂಕಿನಾಗೆ, ಬಿಳಿಚೋಡಿನಿಂದ ಇನ್ನೂ ಒಳಗೆ ಒಂದು ಸಣ್ಣ ಊರು. ಚರ್ಚಿನೋರ ಪ್ರೈಮರಿ ಸ್ಕೂಲು. ಸ್ಕೂಲು ಅಂದ್ರೆ ಬ್ಯಾರೆ ಕಟ್ಟಡ ಅಲ್ಲ ಮತ್ತೆ, ಭಾನುವಾರ ಚರ್ಚು, ಸೋಮವಾರ ಅದೇ ಬೆಂಚು ಗೋಡೆಗೆ ಸರಿಸಿದ್ರೆ ಸ್ಕೂಲು. ನಾಲ್ಕು ಕ್ಲಾಸು, ಒಂದೇ ರೂಮು. ಬರೋ ಮಕ್ಕಳೆಲ್ಲ ಕುರಿ ಆಡು ಮೇಯಿಸೋರ ಮನೆಯವು. ಇದ್ದಿದ್ದು ಒಬ್ರೇ ಹೆಡ್‌ಮಿಸ್ಸು. ನಾನು ಆಗ ಎಡ್‌ಮಿಸ್ಸು ಅಂತಿದ್ದೆ ಅನ್ನು. ಅವರು ಮೊದ್ಲೇ ಹೇಳಿಬಿಟ್ಟಿದ್ರು, 'ಒಂದು ತಿಂಗಳು ನೋಡ್ತೀವಿ ಮೇಷ್ಟ್ರೆ. ಆಮೇಲೆ ಕಮಿಟಿಯೋರು ಹೇಳ್ತಾರೆ, ಇರ್ತೀರೋ ಹೋಗ್ತೀರೋ ಅಂತ.' ನಮ್ಮನೆಯಾಗೆ ಓದ್ಕಂಡು ಕೆಲ್ಸಕ್ಕೆ ಅಂತ ಹೊಸಿಲು ದಾಟಿದ್ದು ನಾನೇ ಮೊದ್ಲು. ವಾಪಸ್ ಹೋಗೋ ಮುಖ ಇರ್ಲಿಲ್ಲ.

ಆ ಮಿಸ್ಸಿನ ಪಾಠ ಹೆಂಗಿತ್ತು ಅಂದ್ರೆ, ಒಂದನೇ ಕ್ಲಾಸಿನ ಮಗು ಬಾಯಿ ಮುಂದೆ ಅಂಗೈ ಹಿಡ್ಕಬೇಕು. ಅ ಅಂದ್ರೆ ಕೈಗೆ ಏನೂ ಆಗಲ್ಲ. ಹ ಅಂದ್ರೆ ಅಂಗೈ ಬೆಚ್ಚಗಾಗ್ಬೇಕು. ಬೆಚ್ಚಗಾಗೋ ತನಕ ಬಿಡ್ತಿರ್ಲಿಲ್ಲ, ಹೊಡೀತಾನೂ ಇರ್ಲಿಲ್ಲ. 'ಮನೆಯಾಗೆ ನಿಮ್ಮವ್ವ ಆಡಿದ ಮಾತು ತಪ್ಪಲ್ಲ ಕಂದ, ಅದೂ ಇರ್ಲಿ, ಇದೂ ಬರ್ಲಿ' ಅನ್ನೋರು. ನಾನು ಹಿಂದೆ ನಿಂತು ಕೇಳ್ತಿದ್ದೆ, ಕಲೀಲಿಲ್ಲ. ನಾಚಿಕೆ. ಬರೆಯಾದ್ರಾಗೆ ಒಂದೂ ತಪ್ಪಿಲ್ಲ ನಂದು, ಬಾಯಾಗೆ ಮಾತ್ರ ಹ ಇಲ್ಲ. ಹೂವಿನ ಪಾಠ ಬಂದ್ರೆ 'ನೀವೇ ಓದ್ರಿ' ಅಂತ ಮಕ್ಕಳ ಕೈಗೆ ಪುಸ್ತಕ ಕೊಟ್ಟುಬಿಡ್ತಿದ್ದೆ.

ಹಿಂಗೇ ಮೂರು ವಾರ ತಳ್ಳಿದೆ. ಒಂದಿನ ಸಂಜೆ, ಮಿಸ್ಸು ಇರ್ಲಿಲ್ಲ, ಮಕ್ಕಳು ಮನೆಗೆ ಹೊರಟಿದ್ವು. ನನಗೆ ಒಂದು ಹುಮ್ಮಸ್ಸು. ಬೀಸೋ ಹಾಡು, ಸೋಬಾನೆ ಹಾಡು ಎಲ್ಲ ಅಜ್ಜಿಯರ ಹತ್ರ ಇರ್ತಾವಲ್ಲ, ಮಕ್ಕಳು ಕಲ್ತು ಬರ್ಲಿ ಅಂತ, 'ನಾಳೆ ಎಲ್ರೂ ನಿಮ್ಮಜ್ಜಿ ಹತ್ರ ಕೇಳಿ ಒಂದೊಂದು ಆಡು ತರ್ರಿ' ಅಂದೆ.

ಗೊತ್ತಾಯ್ತಾ? ನಗು ಈಗ, ನಗು.

ಬೆಳಿಗ್ಗೆ ಹೋದ್ರೆ ಚರ್ಚಿನ ಒಳಗೆ ಐದು ಆಡು, ಒಂದು ಮರಿ. ಒಂದು ಆಡು ಶಿಲುಬೆ ಹತ್ರ ಇಟ್ಟಿದ್ದ ಚೆಂಡುಹೂವು ತಿಂತಾ ಐತೆ. ಒಂದನೇ ಕ್ಲಾಸಿನ ತಿಪ್ಪಮ್ಮ ಅಂತ, ಇಷ್ಟುದ್ದ ಹುಡುಗಿ, ಹಗ್ಗ ಹಿಡ್ಕಂಡು ನಿಂತೈತೆ. ಪಕ್ಕದಾಗೆ ಅವಳಜ್ಜಿ. 'ಮೇಷ್ಟ್ರೆ, ಆಲು ಕರೆಯೋ ಆಡು ಇದು, ನಮ್ಮನೆಯಾಗೆ ಇರಾದು ಇದೊಂದೇ. ಸ್ಕೂಲಿನೋರು ಕೇಳವ್ರೆ ಅಂದ್ಮೇಲೆ ಇಲ್ಲ ಅನ್ನಾಕಾಗ್ತದಾ? ಸಂಜೆಗೆ ಕಳ್ಸಿಕೊಡ್ರಿ' ಅಂತು. ಯಾಕೆ ಏನು ಅಂತ ಒಂದು ಮಾತು ಕೇಳ್ಲಿಲ್ಲ ಕಣವ್ವ ಆ ಮುದುಕಿ.

ಅಷ್ಟೊತ್ತಿಗೆ ಮಿಸ್ಸು ಬಂದ್ರು. ಆಡುಗಳನ್ನ ನೋಡಿದ್ರು, ನನ್ನ ನೋಡಿದ್ರು. 'ಮೇಷ್ಟ್ರೆ, ಏನು ತರಾಕೆ ಹೇಳಿದ್ರಿ?'

'ಆಡು, ಮಿಸ್. ಅದೇ... ಆಡು.'

ತಿಪ್ಪಮ್ಮ ತಟ್ಟನೆ, 'ನಾನು ನೋಡ್ತಿದ್ದೆ ಮಿಸ್, ಸಾರ್ ಬಾಯಿಂದ ಗಾಳಿ ಬಿಡ್ಲಿಲ್ಲ. ಗಾಳಿ ಬಿಡದಿದ್ರೆ ಆಡೇ ಅಲ್ವಾ?' ಅಂತು.

ಕೆಲ್ಸ ಹೋಯ್ತು ಅಂದ್ಕಂಡೆ. ಎಷ್ಟು ದಿನ ಅಂತ ಮುಚ್ಚಿಡಾದು? 'ಮಿಸ್, ನನಗೆ ಅದು ಬರಲ್ಲ' ಅಂದುಬಿಟ್ಟೆ. ಅವರು ನಗ್ಲಿಲ್ಲ, ಬೈಲಿಲ್ಲ. 'ಬರಲ್ಲ ಅಂದ್ರಲ್ಲ, ಸಾಕು. ಕೂತ್ಕಳ್ರಿ, ತಿಪ್ಪಮ್ಮ ಕಲಿಸ್ತಾಳೆ' ಅಂದ್ರು. ಕೂತೆ, ನೆಲದ ಮೇಲೆ, ಒಂದನೇ ಕ್ಲಾಸಿನ ಸಾಲಿನಾಗೆ. ಆ ಹುಡುಗಿ ಪುಟ್ಟ ಅಂಗೈ ನನ್ನ ಬಾಯಿ ಮುಂದೆ ಹಿಡೀತು. 'ಒಲೆ ಊದ್ತೀರಲ್ಲ ಸಾ, ಹಂಗೆ. ಊಂ, ಇಲ್ಲ, ಇನ್ನೂ ತಣ್ಣಗೈತೆ.' ದಿನಾ ಹಿಂಗೇ. ಐದನೇ ದಿನಕ್ಕೋ ಆರನೇ ದಿನಕ್ಕೋ ಕೈ ಹಿಂದಕ್ಕೆಳ್ಕಂಡು ಕೂಗ್ತು, 'ಮಿಸ್, ಸಾರ್‌ಗೆ ಬಂತು, ಬೆಚ್ಚಗಾಯ್ತು!' ಮಕ್ಕಳೆಲ್ಲ ಚಪ್ಪಾಳೆ.

ತಿಂಗಳು ತುಂಬ್ತು. ಕಮಿಟಿಯೋರು ಬಂದು, 'ಹೊಸ ಮೇಷ್ಟ್ರು ಹೆಂಗೆ?' ಅಂತ ಕೇಳಿದ್ರು. ಮಿಸ್ಸು ಆಡಿನ ಕಥೆ ಪೂರ್ತಿ ಹೇಳಿಬಿಟ್ರು, ನಾನು ತಲೆ ತಗ್ಗಿಸಿ ನಿಂತಿದೀನಿ. ಒಬ್ರು, 'ಇಂಥೋರನ್ನ ಇಟ್ಕಂಡ್ರೆ ಸ್ಕೂಲಿನ ಮರ್ಯಾದೆ ಏನಮ್ಮ?' ಅಂದ್ರು. ಅದಕ್ಕೆ ಮಿಸ್ಸು, 'ಅಯ್ಯಾ, ಆರು ವರ್ಷದ ಮಗು ಮೇಷ್ಟ್ರ ತಪ್ಪು ಹಿಡೀತು, ಮೇಷ್ಟ್ರು ಆ ಮಗುವಿನ ಹತ್ರ ಕೂತು ಕಲ್ತ್ರು. ಇದಕ್ಕಿಂತ ಮರ್ಯಾದೆ ಸ್ಕೂಲಿಗೆ ಇನ್ನೇನು ಬೇಕು?' ಅಂದ್ರು. ಇದ್ದೆ ನಾನು ಅಲ್ಲೇ, ಒಂಬತ್ತು ವರ್ಷ. ಅಲ್ಲಲ್ಲ, ಹತ್ತು.

ಹಿಡಿ ಪುಟ್ಟಿ ಅಂಗೈ, ನಿನ್ನ ಬಾಯಿ ಮುಂದೆ. ಲೋ, ನೀನೂ ಹಿಡಿ. ಬರಲ್ಲ ಅಂದೋರ ಬಾಯಿಗೆ ಒಂದಿನ ಹಾಡು ಬರ್ತದೆ ಕಣವ್ವ, ನಾಚ್ಕಂಡು ಕೂತೋರ ಬಾಗ್ಲಿಗೆ ಆಡೇ ಬರಾದು.