ಪಾವಟಿಗಿ ಬಾವಿ ಮೆಟ್ಟಲಾ ಮುಚ್ಚಿಸಿದ್ದು

…ಹಂಗಲ್ಲವಾ, ನೀರು ಬೇಕಾದಷ್ಟಿತ್ತು. ಬೋನಾಳದ ಕೆರಿ ಮಗ್ಗಲದಾಗ ಇರೋ ಊರಿಗಿ ನೀರಿನ ಬರ ಎಲ್ಲೀದು? ತ್ರಾಸ ಇದ್ದದ್ದು ಆ ನೀರಾಗನ. ಊರಿಗೆಲ್ಲಾ ಒಂದ ಪಾವಟಿಗಿ ಬಾವಿ, ನೋಡು. ಮೆಟ್ಟಲಾ ಇಳದು, ಮೊಳಕಾಲತನಾ ನೀರಾಗ ನಿಂತು ಕೊಡಾ ತುಂಬ್ತಿದ್ವಿ. ಹುಣ್ಣಾದವ್ರ ಕಾಲು ತಾಗಿದ ಆ ನೀರ ಕುಡದ್ರ ನಾರುಹುಣ್ಣು ಬರ್ತಿತ್ತು. ನಿಮಗ ಅದು ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ. ಕಾಲಾಗ ಬೊಬ್ಬಿ ಎದ್ದು ಒಡದು, ಬಿಳೇ ದಾರದಂಥಾ ಹುಳ ಹೊರಗ ಬರ್ತದ. ಕಡ್ಡಿಗಿ ಸುತ್ತಿ ದಿನಾ ಇಷ್ಟಿಷ್ಟ ಎಳೀಬೇಕು. ನನ್ನ ಗಂಡಗ, ನಿಮ್ಮ ಮುತ್ಯಾಗ ಬಂತು, ಅದೂ ಬಿತ್ತಗಿ ಹೊತ್ತಿನಾಗ. ಹೊಲ ಹಸಿ ಆರಾಕತ್ತದ ಅಂತ ಗಡಿಬಿಡಿ ಮಾಡಿ ಎಳದ. ಹುಳ ಒಳಗ ಹರದು ಉಳೀತು. ಕಾಲು ಬಾತು, ಕೀವಾತು, ಮೊಳಕಾಲು ಮತ್ತ ಮಡಚಲೇ ಇಲ್ಲ. ನಾ ಹೊಸಾ ಸೊಸಿ. ಬೀಜ ಬಿಡಾಕ ನಾ ಇದ್ದೆ, ಕೂರಿಗಿ ಹಿಡಿಯೋರ ಇಲ್ಲ. ಆ ವರ್ಷ ಹೊಲ ಬೀಳು ಬಿತ್ತು.

ಡಾಕ್ಟರ್ ಒಬ್ಬಾಂವ ಬಂದು ಹೇಳಿ ಹೋಗಿದ್ದ, ಮೆಟ್ಟಲಾ ಮುಚ್ಚಿ ದಂಡಿ ಕಟ್ರಿ, ಮ್ಯಾಲ ನಿಂತು ಹಗ್ಗದಲೇ ಸೇದ್ರಿ, ಕಾಲು ನೀರಿಗಿ ತಾಗಬಾರದು ಅಂತ. ಅಷ್ಟ ಕೆಲಸ! ಆದ್ರ ನವಾಬನ ಕಾಲದಾಗ ಕಚೇರಿಗಿ ಹೋದ್ರ ಜವಾನ ಬಾಗಲದಾಗ ನಿಂತು, "ಊಪರ್ ಸೇ ಹುಕುಂ ಆನಾ" ಅಂತಿದ್ದ. ಮ್ಯಾಲಿಂದ ಹುಕುಂ ಬರಬೇಕಂತ. ಯಾವ ಮ್ಯಾಲ? ಯಾರೂ ಕಂಡಿರಲಿಲ್ಲ.

ಮುಂದ ಗದ್ದಲೆಲ್ಲಾ ಮುಗದು ನಾವು ಹಿಂದೂಸ್ತಾನದಾಗ ಕೂಡಿದ್ವಿ. ಊರಿಗೊಂದು ಪಂಚಾಯ್ತಿ ಆತು. ನಮ್ಮ ಓಣಿ ಶರಣಪ್ಪಗೌಡನ್ನ ಅದರ ಹಿರ್ಯಾ ಮಾಡಿದ್ರು. ನಾ ಬಾವಿ ಮಾತು ತಗದ್ರ ಅಂವಾ ಏನಂದ ಗೊತ್ತೇನು? "ತಾಲೂಕಿಂದ ಹುಕುಂ ಬರಲಿ ತಡಿಯವಾ." ಅದ ಮಾತು! ಆಮ್ಯಾಲ ಸಾಹೇಬ ಒಬ್ಬಾಂವ ಜೀಪಿನಾಗ ಬಂದ. ಎಲ್ಲಾರ ಮುಂದ ಗೌಡಗ ಅಂದ, "ಬಾವಿ ನಿಮ್ದು, ರೊಕ್ಕ ಪಂಚಾಯ್ತೀದು. ನಮ್ಮನ್ನ್ಯಾಕ ಕೇಳ್ತೀರಿ?"

ಸರಿ, ಈಗರೆ ಆದೀತು ಅಂದ್ಕೊಂಡ್ರ, ಗೌಡ ಮೊದಲ ಚಾವಡಿಗಿ ಹೊಸಾ ಮಾಳಗಿ ಹಾಕಸ್ತೀನಿ ಅಂದ. ಕುಂದ್ರಾಕ ನೆರಳು ಬೇಕಲ್ಲ ಅವ್ರಿಗಿ! ಮುಂಜಾನಿ ಅಂವಾ ಹೊಲಕ್ಕ ಹೊಂಟಾಗ ನಾ ನಮ್ಮ ಮನಿ ಬಾಗಲದಾಗ ನಿಂತೆ. ಸೆರಗು ತಲಿಮ್ಯಾಲ ಇತ್ತು, ಮಾತು ಮಾತ್ರ ಬಾಯಾಗ ಉಳೀಲಿಲ್ಲ. "ಗೌಡ್ರ, ಬಾವಿ?" ಅಂದೆ. ಹೊಲದ ಕಡೆ ನಡದ. ಮರುದಿನ ಮತ್ತ, "ಗೌಡ್ರ, ಬಾವಿ?" ಅತ್ತಿ ಬೈದಳು, "ಗಂಡಸರಿಗಿ ಅಡ್ಡ ನಿಂದರ್ತೀ ಏನ?" ನಿಮ್ಮ ಮುತ್ಯಾ ಗ್ವಾಡಿ ಹಿಡದು ಎದ್ದು ಬಂದ, ನನ್ನ ಮಗ್ಗಲಾಗ ನಿಂತ. ಆ ಕಾಲು ಹಂಗ ಮುಂದ ಚಾಚಿತ್ತು. ಗೌಡ ಅದನ್ನ ನೋಡಿ ಮಾರಿ ತಿರುವಿದ. ಹಿತ್ತಲ ದಾರಿ ಹಿಡದ್ರ ಅಲ್ಲಿ ಸಾಬವ್ವ ನಿಂತಿದ್ದಳು, ಮಗಳ ಕಾಲಾಗ ಹುಳ ಇದ್ದಾಕಿ. ಆಕೀನೂ ಅದ ಕೇಳಿದಳು. ಎಲ್ಲಿ ಹೋಗ್ತಾನ? ಜೀಪಿನ ಸಾಹೇಬ ಹೋದ್ರ ಹ್ವಾದ. ಗೌಡ ನಮ್ಮ ಓಣ್ಯಾಗನ ಉಣಬೇಕು, ನಮ್ಮ ಬಾವಿ ನೀರ ಕುಡೀಬೇಕು.

ಕಡೀಗಿ ಒಂದಿನ, "ಆತ ನಡಿಯವಾ, ಮಾಳಗಿ ಆಮ್ಯಾಲ ನೋಡೋಣು" ಅಂದ. ಕಲ್ಲು ತರಿಸಿದ, ಊರವ್ರು ಮಣ್ಣು ಹೊತ್ವಿ, ಮೆಟ್ಟಲಾ ಮುಚ್ಚಿ ದಂಡಿ ಕಟ್ಟಿದ್ವಿ. ನಿಮ್ಮ ಮುತ್ಯಾನ ಕಾಲು ಸಾಯೂತನಾ ಮಡಚಲಿಲ್ಲ, ಅದು ಖರೆ. ಆದ್ರ ನಿಮ್ಮಪ್ಪಗ ಆ ಹುಳ ಬರಲಿಲ್ಲ.

ಅಧಿಕಾರ ಓಣಿಗಿ ಬಂದ್ರ ಸಾಲದು ತಮ್ಮಾ, ಓಣಿಯವ್ರು ಬಾಗಲಕ್ಕ ಬಂದು ಕೇಳಬೇಕು. ಏಳ್ರಿ, ಉಣ್ಣಾಕ ಏಳ್ರಿ.